ಉದ್ದ ಹೆಸರಿನ ವೈಫೈ

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಉಬುಂಟು (ಲಿನಕ್ಸ್ ಕಾರ್ಯವ್ಯವಸ್ಥೆ) ಹಾಕಿರುವ ಲ್ಯಾಪ್‌ಟಾಪಿನ ಒಳಗಿನ ವೈಫೈ ಸರಿಯಾಗಿ ಸಿಗ್ನಲ್ ಹಿಡಿಯದ ಕಾರಣ ಯುಎಸ್‌ಬಿ ಡಾಂಗಲ್ ಜೋಡಿಸಿದ್ದೇನೆ. ಅದರ ಹೆಸರು ‘ಡಬ್ಲ್ಯುಎಲ್‌ಎಕ್ಸ್’ ಎಂದು ಆರಂಭವಾಗಿ ಉದ್ದಕ್ಕೆ ಸಾಗುತ್ತದೆ. ಡೇಟಾ ಲೆಕ್ಕವಿಡುವ ನನ್ನ ಸ್ಕ್ರಿಪ್ಟ್ ‘ಡಬ್ಲ್ಯುಲ್ಯಾನ್0’ ಎಂಬ ಹಳೆಯ ಮಾದರಿಯ ಹೆಸರನ್ನೇ ಹುಡುಕುತ್ತದೆ. ಕಂಪ್ಯೂಟರನ್ನು ಬೂಟ್ ಮಾಡಿಸುವ ಗ್ರಬ್‌ನಲ್ಲಿ ‘ನೆಟ್.ಐಎಫ್‌ನೇಮ್ಸ್=0’ ಸೇರಿಸಿದರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಸರಿಯೇ?

ಉತ್ತರ: ಒಂದೇ ವೈಫೈ ಇರುವವರಿಗೆ ಆ ಸಲಹೆ ನಡೆಯುತ್ತದೆ, ನಿಮಗೆ ಬೇಡ. ಅದು ಹೆಸರಿಡುವ ಹಳೆಯ ಪದ್ಧತಿಗೆ ಮರಳಿಸುತ್ತದೆ. ಆ ಪದ್ಧತಿಯಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಮೊದಲು ಕಂಡದ್ದಕ್ಕೆ 0, ಆಮೇಲೆ ಕಂಡದ್ದಕ್ಕೆ 1 ಎಂದು ಹೆಸರಿಡುತ್ತಿತ್ತು. ಎರಡು ವೈಫೈಗಳಿದ್ದಲ್ಲಿ ಇಂದಿನ 0 ನಾಳೆ 1 ಆಗಬಹುದಿತ್ತು. ಇದನ್ನು ತಪ್ಪಿಸಲೆಂದೇ 2013ರಲ್ಲಿ, ಲಿನಕ್ಸಿನ ಸೇವೆಗಳನ್ನು ನಡೆಸುವ ತಂತ್ರಾಂಶವಾದ ಸಿಸ್ಟಮ್‌ಡಿಯ 197ನೇ ಆವೃತ್ತಿ ಹೊಸ ಪದ್ಧತಿ ತಂದಿತು. ನಿಮ್ಮ ಬಡಾವಣೆಯಲ್ಲಿ ಮೇನ್, ಕ್ರಾಸ್ ಹೇಳಿ ಮನೆ ತೋರಿಸುವಂತೆ, ‘ಡಬ್ಲ್ಯುಎಲ್‌ಪಿ3ಎಸ್0’ ಎಂದರೆ ಪಿಸಿಐ (ಒಳಗಿನ ಭಾಗಗಳನ್ನು ಜೋಡಿಸುವ ದಾರಿ) ಬಸ್ 3, ಸ್ಲಾಟ್ 0ರಲ್ಲಿರುವ ವೈಫೈ ಎಂದರ್ಥ. ಡಾಂಗಲ್ಲನ್ನು ಯಾವ ಪೋರ್ಟಿಗಾದರೂ ಚುಚ್ಚಬಹುದಾದ್ದರಿಂದ ಉಬುಂಟು ಅದನ್ನು ಮ್ಯಾಕ್ ವಿಳಾಸದಿಂದ (ಸಾಧನಕ್ಕೇ ಸೇರಿದ ಗುರುತಿನ ಸಂಖ್ಯೆಯಿಂದ) ಗುರುತಿಸುತ್ತದೆ. ‘ಎಕ್ಸ್’ ನಂತರದ 12 ಅಕ್ಷರಗಳೇ ಆ ವಿಳಾಸ. ಬೇರೆಲ್ಲೂ ಹುಡುಕದೆ ಎರಡೆರಡಕ್ಕೊಂದು ಕೋಲನ್ ಹಾಕಿ ಬರೆದುಕೊಳ್ಳಿ.

ಇನ್ನು ‘ಇಟಿಸಿ’ಯೊಳಗಿನ ‘ಸಿಸ್ಟಮ್‌ಡಿ’ಯ ‘ನೆಟ್‌ವರ್ಕ್’ ಫೋಲ್ಡರಿನಲ್ಲಿ, ‘10-ಅಂಗಡಿ’ ಎಂಬ ಹೆಸರಿನ, ‘ಡಾಟ್ ಲಿಂಕ್’ ಎಂದು ಕೊನೆಯಾಗುವ ಕಡತವನ್ನು ರೂಟ್ (ನಿರ್ವಾಹಕ) ಅಧಿಕಾರದಿಂದ ತೆರೆದು, ಚೌಕ ಆವರಣದ ‘ಮ್ಯಾಚ್’ ಶೀರ್ಷಿಕೆಯ ಕೆಳಗೆ ‘ಮ್ಯಾಕ್‌ಅಡ್ರೆಸ್=’ ಎಂದು ಆ ವಿಳಾಸವನ್ನೂ, ‘ಲಿಂಕ್’ ಶೀರ್ಷಿಕೆಯ ಕೆಳಗೆ ‘ನೇಮ್=ಅಂಗಡಿ0’ ಎಂದೂ ಬರೆಯಿರಿ; ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ. ಇಂಥ ಕಡತಗಳಲ್ಲಿ ಮೊದಲು ಹೊಂದಿಕೆಯಾದದ್ದು ಮಾತ್ರ ಜಾರಿಗೆ ಬರುವುದರಿಂದ ಹೆಸರಿನ ಮುಂದಿನ 10 ಮುಖ್ಯ. ಹೊಸ ಹೆಸರು 15 ಅಕ್ಷರ ಮೀರಬಾರದು. ‘ಡಬ್ಲ್ಯುಲ್ಯಾನ್0’ ಎಂದೇ ಇಡುವ ಆಸೆ ಸಹಜವಾದರೂ, ಕರ್ನಲ್ ಅದನ್ನು ಒಳಗಿನ ವೈಫೈಗೆ ಮೊದಲೇ ಕೊಟ್ಟಿದ್ದರೆ ಹೆಸರು ಬದಲಾಗುವುದಿಲ್ಲ. ನಂತರ ‘ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ -ಯು’ ಆದೇಶವನ್ನು (ಬೂಟ್ ಆರಂಭದಲ್ಲಿ ಬಳಕೆಯಾಗುವ ಕಡತಗಳನ್ನು ನವೀಕರಿಸುವುದು) ಮುಂದೆ ‘ಸುಡೊ’ ಸೇರಿಸಿ, ಅಂದರೆ ನಿರ್ವಾಹಕ ಅಧಿಕಾರದಿಂದ ನೀಡಿ ರೀಬೂಟ್ ಮಾಡಿ.

ಸ್ಕ್ರಿಪ್ಟಿನಲ್ಲಿ ಹಳೆಯ ಹೆಸರಿರುವ ಕಡೆಯೆಲ್ಲ ‘ಅಂಗಡಿ0’ ಎಂದು ತಿದ್ದಲೇಬೇಕು. ಡಾಂಗಲ್ ಕೆಟ್ಟು ಹೊಸದನ್ನು ತಂದ ದಿನ ಲಿಂಕ್ ಕಡತದಲ್ಲಿ ವಿಳಾಸವೊಂದನ್ನು ಬದಲಿಸಿದರೆ ಸಾಕು, ಸ್ಕ್ರಿಪ್ಟನ್ನು ಮತ್ತೆ ಮುಟ್ಟಬೇಕಿಲ್ಲ.