ಟಿಪ್ಪು, ಮೇಷ್ಟ್ರು ಮತ್ತು ಪುಸ್ತಕದ ಕೊನೆಯ ಪುಟ

ಪತ್ರ: ಟಿಪ್ಪು ಸುಲ್ತಾನನ ಬಗ್ಗೆ ಎರಡು ಪುಸ್ತಕ ಓದಿದೆ. ಒಂದರಲ್ಲಿ ದೇವರು, ಇನ್ನೊಂದರಲ್ಲಿ ರಾಕ್ಷಸ. ಪಕ್ಷಪಾತವಿಲ್ಲದ ಒಂದೇ ಒಂದು ಜೀವನಚರಿತ್ರೆ ಹೇಳಿ.
(ಹಾಸನದ ಒಬ್ಬ ಹೈಸ್ಕೂಲು ಮೇಷ್ಟ್ರು)

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಕಷ್ಟ ಗೊತ್ತಾಗುತ್ತದೆ. ಬರೀ ಸುಳ್ಳು ಬರೆದ ಪುಸ್ತಕಗಳೂ ಇವೆ, ಅವನ್ನು ಆಚೆ ಇಡಬೇಕು, ಒಪ್ಪಿದೆ. ಆದರೆ ಪಕ್ಷವೇ ಇಲ್ಲದ ಲೇಖಕರನ್ನು ಹುಡುಕಬೇಡಿ. ನಾನು ಇಪ್ಪತ್ತು ವರ್ಷ ಹುಡುಕಿದೆ. ಮುಖಪುಟದಲ್ಲೇ ‘ನಿಷ್ಪಕ್ಷಪಾತ’ ಎಂದು ಅಚ್ಚು ಹಾಕಿದ್ದ ಒಂದನ್ನು ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡೂ ಬಂದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಬಣ್ಣ ಬಯಲಾಯಿತು. ಬಚ್ಚಿಟ್ಟ ಪಕ್ಷಕ್ಕಿಂತ ಬಾಯಿಬಿಟ್ಟು ಹೇಳಿದ ಪಕ್ಷ ಎಷ್ಟೋ ವಾಸಿ.

ಶತ್ರುವಿನಿಂದಲೇ ಶುರು ಮಾಡಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪರ್ಷಿಯನ್ ಪತ್ರಗಳನ್ನು ಇಂಗ್ಲಿಷಿಗೆ ತಂದ. ಹೆಸರೇ ‘ಆಯ್ದ ಪತ್ರಗಳು’. ಆಯ್ದವರು ಯಾರು? 1799ರಲ್ಲಿ ಶ್ರೀರಂಗಪಟ್ಟಣ ಹಿಡಿದವರ ಕಡೆಯವರು! ಆದರೂ ಟಿಪ್ಪುವಿನ ದನಿ ಅಲ್ಲಿ ಅಡಗಿಲ್ಲ. ಕೊಡಗಿನ ಜನರನ್ನು ಸೆರೆ ಹಿಡಿದ ಸುದ್ದಿಯೂ ಇದೆ. ಬಂಗಾಳದಿಂದ ರೇಷ್ಮೆ ಹುಳು ಬರುತ್ತಿವೆ, ಎಲ್ಲಿಟ್ಟರೆ ಸರಿ ಅಂತ ವಿಚಾರಿಸಿ ಎಂಬ ಆಜ್ಞೆಯೂ ಇದೆ. ಬರೆಸಿದವನು ಒಬ್ಬನೇ ಅಲ್ವಾ? ಆಮೇಲೆ ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಟಿಪ್ಪುವನ್ನು ಬೈದದ್ದನ್ನೂ, 1951ರಲ್ಲಿ ಇತಿಹಾಸಕಾರ ಮೊಹಿಬುಲ್ ಹಸನ್ ಅದಕ್ಕೆ ಕೊಟ್ಟ ಜವಾಬನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ.

ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿದ್ದರು, ಮಂಡ್ಯಂ ಅಯ್ಯಂಗಾರ್ ಸಮುದಾಯದವರು. ನರಕ ಚತುರ್ದಶಿಯಂದು ಅವರ ಮನೆಯಲ್ಲಿ ಹಬ್ಬವಿಲ್ಲ. ಟಿಪ್ಪು ತಮ್ಮವರನ್ನು ಕೊಲ್ಲಿಸಿದ ದಿನ ಅದು ಎಂಬ ನೆನಪು. ನನಗೆ ಶೃಂಗೇರಿಯ ಪತ್ರಗಳನ್ನು ಓದಿಸಿದ್ದೂ ಅವರೇ! 1791ರಲ್ಲಿ ಮರಾಠಾ ಸೇನೆಯ ಕಡೆಯವರು ಮಠ ದೋಚಿದಾಗ ಟಿಪ್ಪು ನೊಂದುಕೊಂಡು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು. ಓದಿ ಮುಗಿಸಿದ ಮೇಲೆ ಅವರು ಹಬ್ಬ ಶುರು ಮಾಡಲಿಲ್ಲ, ಪತ್ರ ಸುಳ್ಳು ಅಂತಲೂ ಅನ್ನಲಿಲ್ಲ.

‘ಪುಸ್ತಕ ಕೈಗೆ ಬಂದರೆ ಹಿಂದಿನಿಂದ ತೆಗಿ’ ಎನ್ನುತ್ತಿದ್ದರು. ಯಾವ ಹೆಸರು ಯಾವ ಪುಟದಲ್ಲಿದೆ ಎಂದು ಕೊನೆಯಲ್ಲಿ ಕೊಡುವ ಪದಸೂಚಿಯಲ್ಲಿ ಕೊಡಗೂ ಇರಬೇಕು, ಶೃಂಗೇರಿಯೂ ಇರಬೇಕು. ಒಂದೇ ಇದ್ದರೆ ಕೆಳಗಿಡು.

ಈಗ ಕನ್ನಡ ಪುಸ್ತಕಗಳನ್ನು ಹಿಂದಿನಿಂದ ತೆಗೆದು ನೋಡಿ. ಪದಸೂಚಿ ಎಲ್ಲಿದೆ? ಒಬ್ಬ ಪ್ರಕಾಶಕರನ್ನು ಕೇಳಿದರೆ, ‘ಸುಮ್ನೆ ಪುಟ ಜಾಸ್ತಿ ಆಗುತ್ತೆ ಸಾರ್’ ಎಂದರು. ಮುನ್ನುಡಿ, ಬೆನ್ನುಡಿ, ಪ್ರಕಾಶಕರ ಮಾತು, ಲೇಖಕರ ಎರಡು ಮಾತು (ಅದು ಹನ್ನೊಂದು ಪುಟ), ಇವಕ್ಕೆಲ್ಲ ಜಾಗ ಇದೆ. ಯಾವ ಮಾತು ಯಾವ ಕಾಗದದಿಂದ ಬಂತು ಎಂದು ಹೇಳಲು ಅರ್ಧ ಪುಟ ಇಲ್ಲ. ಹಾಗಾಗಿ ಜಗಳಕ್ಕೆ ಬರುವವರು ಪುಸ್ತಕ ತರುವುದಿಲ್ಲ, ಗಂಟಲು ತರುತ್ತಾರೆ.

ನೀವೂ ಅಷ್ಟೇ ಮೇಷ್ಟ್ರೇ. ದೇವರು, ರಾಕ್ಷಸ ಎಂದು ಬರೆದಿರಿ, ಪುಟದ ಸಂಖ್ಯೆ ಹಾಕಲಿಲ್ಲ. ಮುಂದಿನ ಪತ್ರದಲ್ಲಿ ಹಾಕಿ.