ಸುಪ್ರೀಂ ಕೋರ್ಟ್ ಮೆಟ್ಟಿಲೇರುವ ವಿದ್ಯಾರ್ಥಿ ಸಂಘಗಳಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪರೀಕ್ಷೆ, ಪ್ರವೇಶಾತಿ, ಶುಲ್ಕದ ತಕರಾರುಗಳನ್ನು ಹಿಡಿದು ದೆಹಲಿಗೆ ಹೊರಟವರಿಂದ ಹಲವು ಪತ್ರಗಳು ಬಂದಿವೆ. ಈ ಸಂಚಿಕೆಯ ಕಾನೂನು ಅಂಕಣ ಅವಕ್ಕೇ ಮೀಸಲು.

ನಮ್ಮದು ಕಾಲೇಜಿನ ವಿದ್ಯಾರ್ಥಿಗಳೇ ಕಟ್ಟಿಕೊಂಡ ಸಂಘ. ಎಲ್ಲಿಯೂ ನೋಂದಣಿ ಮಾಡಿಸಿಲ್ಲ. ಶುಲ್ಕ ಏರಿಕೆ ಪ್ರಶ್ನಿಸಿ ನೇರವಾಗಿ ಸುಪ್ರೀಂ ಕೋರ್ಟ್‌ಗೆ ಹೋಗಬಹುದೇ?
– ಸಂಘದ ಕಾರ್ಯದರ್ಶಿ, ಧಾರವಾಡ

ನೋಂದಣಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ. ರೈಲ್ವೆ ನೌಕರರ ಮಾನ್ಯತೆಯಿಲ್ಲದ ಸಂಘವೊಂದು (ಅಖಿಲ ಭಾರತೀಯ ಶೋಷಿತ್ ಕರ್ಮಚಾರಿ ಸಂಘ) ತಂದ ಪ್ರಕರಣದಲ್ಲಿ, ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹಾಕಲು ಅದು ಅಡ್ಡಿಯಲ್ಲ ಎಂದು 1980ರಲ್ಲೇ ತೀರ್ಪಾಗಿದೆ. ಆದರೂ ಸಂಘದ ಹೆಸರೊಂದನ್ನೇ ನಂಬಿಕೊಳ್ಳಬೇಡಿ. 19ನೇ ವಿಧಿಯ ಸ್ವಾತಂತ್ರ್ಯಗಳು ಇರುವುದು ನಾಗರಿಕರಿಗೆ. ಸಂಘವೆಂಬ ಸಂಸ್ಥೆ ತಾನೇ ನಾಗರಿಕನಲ್ಲ. ಹೆಚ್ಚಿಸಿದ ಶುಲ್ಕ ಕಟ್ಟಿದ ಅಥವಾ ಕಟ್ಟಲಾಗದೆ ಕುಳಿತ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿ, ಅವರ ರಸೀದಿಗಳನ್ನು ಲಗತ್ತಿಸಿ. ಸಂಘದ ಪರವಾಗಿ ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ಸಭೆಯ ಠರಾವು ಬೇಕು, ಅದರ ದಿನಾಂಕ ಅಫಿಡವಿಟ್‌ನ ದಿನಾಂಕಕ್ಕಿಂತ ಹಿಂದಿನದಾಗಿರಬೇಕು. ಎದುರು ಪಕ್ಷದ ವಕೀಲರು ಮೊದಲು ಹುಡುಕುವುದೇ ಇಂಥ ತಪ್ಪನ್ನು.

ನಿಮ್ಮ ಪ್ರಶ್ನೆಯಲ್ಲಿ ತೊಡಕಿರುವುದು ‘ನೇರವಾಗಿ’ ಎಂಬಲ್ಲಿ. 32ನೇ ವಿಧಿ ಮೂಲಭೂತ ಹಕ್ಕಿನ ಉಲ್ಲಂಘನೆಗೆ ಮಾತ್ರ. ವಿಶ್ವವಿದ್ಯಾಲಯ ತನ್ನದೇ ನಿಯಮ ಮುರಿದು ಶುಲ್ಕ ಏರಿಸಿದೆ ಎಂಬಂಥ ದೂರಿಗೆ 226ನೇ ವಿಧಿಯಡಿ ಹೈಕೋರ್ಟ್‌ಗೆ ಇರುವ ಅಧಿಕಾರ ಇನ್ನೂ ವಿಶಾಲವಾದದ್ದು. ಹೈಕೋರ್ಟ್‌ನಲ್ಲಿ ಪರಿಹಾರ ಸಿಗುವಂತಿದ್ದರೆ ಮೊದಲು ಅಲ್ಲಿಗೇ ಹೋಗಿ ಎಂದು ಸುಪ್ರೀಂ ಕೋರ್ಟ್ 1987ರ ಪಿ.ಎನ್. ಕುಮಾರ್ ಪ್ರಕರಣದಲ್ಲಿ ಕಾರಣ ಸಮೇತ ಹೇಳಿದೆ. ಅಲ್ಲಿ ಸೋತರೆ ಮೇಲೆ ಹೋಗಲು ದಾರಿ ಇರುತ್ತದೆ. ದೆಹಲಿಯಲ್ಲೇ ಸೋತರೆ ಮುಂದೆ ಎಲ್ಲಿಗೆ? ಹೈಕೋರ್ಟ್ ಪೀಠ ನಿಮ್ಮ ಊರಲ್ಲೇ ಇರುವಾಗ ರೈಲು ಹತ್ತುವ ತುರ್ತು ನಮಗಂತೂ ಕಾಣಿಸುತ್ತಿಲ್ಲ. ಪರೀಕ್ಷೆ ದೇಶಕ್ಕೆಲ್ಲ ಒಂದೇ ಆಗಿದ್ದು, ಬೇರೆ ಬೇರೆ ಹೈಕೋರ್ಟ್‌ಗಳು ಬೇರೆ ಬೇರೆ ಆದೇಶ ಕೊಡುವ ಸಂಭವವಿದ್ದರೆ ಆಗ ಮಾತು ಬೇರೆ.

ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎನ್ನಲು ನಮ್ಮ ಬಳಿ ಟೆಲಿಗ್ರಾಂ ಸ್ಕ್ರೀನ್‌ಶಾಟ್‌ಗಳಿವೆ. ಇಡೀ ಪರೀಕ್ಷೆ ರದ್ದು ಮಾಡಿಸಲು ಇಷ್ಟು ಸಾಕೇ?
– ನೀಟ್ ಆಕಾಂಕ್ಷಿಗಳ ಗುಂಪು, ಶಿವಮೊಗ್ಗ

ಸಾಲದು. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

2015ರ ಮೇ 3ರಂದು ನಡೆದ ಎಐಪಿಎಂಟಿಯನ್ನು (ವೈದ್ಯಕೀಯ ಪ್ರವೇಶದ ಅಖಿಲ ಭಾರತ ಪರೀಕ್ಷೆ) ಸುಮಾರು 6.3 ಲಕ್ಷ ಮಂದಿ ಬರೆದಿದ್ದರು. ಪೊಲೀಸರು ಗುರುತಿಸಿದ ಫಲಾನುಭವಿಗಳು 44 ಮಂದಿ ಮಾತ್ರ. ಆದರೂ ಜೂನ್ 15ರಂದು ತನ್ವಿ ಸರ್ವಾಲ್ ಪ್ರಕರಣದಲ್ಲಿ ಕೋರ್ಟ್ ಇಡೀ ಪರೀಕ್ಷೆ ರದ್ದು ಮಾಡಿತು. ಎಲೆಕ್ಟ್ರಾನಿಕ್ ಸಾಧನಗಳ ಮೂಲಕ ಹಲವು ರಾಜ್ಯಗಳಿಗೆ ಉತ್ತರ ಹರಿದಿತ್ತು. ಇನ್ನೆಷ್ಟು ಮಂದಿಗೆ ತಲುಪಿದೆ ಎಂದು ಹೇಳುವುದು ಸಾಧ್ಯವಿರಲಿಲ್ಲ.

2024ರ ಮೇ 5ರ ನೀಟ್ ಅನ್ನು 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಸೋರಿಕೆಯಾದದ್ದರ ಬಗ್ಗೆ ವಿವಾದವೇ ಇರಲಿಲ್ಲ. ಫಲಾನುಭವಿಗಳೆಂದು ಆ ಹಂತದಲ್ಲಿ ಕಂಡವರು ಸುಮಾರು 155. ಜುಲೈ 23ರಂದು ಮರುಪರೀಕ್ಷೆಗೆ ಕೋರ್ಟ್ ಒಪ್ಪಲಿಲ್ಲ. ವಿವರವಾದ ಕಾರಣಗಳು ಆಗಸ್ಟ್ 2ರಂದು ಬಂದವು. ಇಲ್ಲಿ 155, ಅಲ್ಲಿ 44. ಹಾಗಾಗಿ ಸಂಖ್ಯೆಯೇ ನಿರ್ಣಾಯಕವಲ್ಲ ಎಂಬುದು ಸ್ಪಷ್ಟ. ಕೋರ್ಟ್ ಕೇಳುವುದು ಎರಡು ಪ್ರಶ್ನೆ: ಅಕ್ರಮ ಇಡೀ ವ್ಯವಸ್ಥೆಯನ್ನು ಹೊಕ್ಕಿದೆಯೇ? ಕಳಂಕಿತರನ್ನು ಉಳಿದವರಿಂದ ಬೇರ್ಪಡಿಸಲು ಬರುತ್ತದೆಯೇ? ಬರುತ್ತದೆ ಎಂದಾದರೆ ಪರೀಕ್ಷೆ ಉಳಿಯುತ್ತದೆ, ತಪ್ಪಿತಸ್ಥರು ಹೋಗುತ್ತಾರೆ.

ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಇರಬೇಕಾದದ್ದು ಸೋರಿಕೆಯ ಹರವಿಗೆ ಸಾಕ್ಷ್ಯ. ಎಷ್ಟು ಜಿಲ್ಲೆಗಳಲ್ಲಿ ಎಫ್‌ಐಆರ್ ಆಗಿದೆ? ಪತ್ರಿಕೆ ಎಷ್ಟು ಗಂಟೆಗೆ ಎಲ್ಲಿ ಹೊರಬಿತ್ತು, ಪರೀಕ್ಷೆ ಎಷ್ಟು ಗಂಟೆಗೆ ಆರಂಭವಾಯಿತು? ನಡುವಿನ ಅಂತರ ನಿಮಿಷಗಳದ್ದೋ ದಿನಗಳದ್ದೋ? ಯಾವ ಕೇಂದ್ರಗಳಲ್ಲಿ ಅಂಕ ಅಸಹಜವಾಗಿ ಏರಿದೆ? 2024ರಲ್ಲಿ ನಗರವಾರು, ಕೇಂದ್ರವಾರು ಫಲಿತಾಂಶ ಪ್ರಕಟಿಸುವಂತೆ ಕೋರ್ಟೇ ಪರೀಕ್ಷೆ ನಡೆಸುವ ಸಂಸ್ಥೆಯಾದ ಎನ್‌ಟಿಎಗೆ ಸೂಚಿಸಿತ್ತು. ನೀವೂ ಅಂಥ ಮಧ್ಯಂತರ ಕೋರಿಕೆಯನ್ನು ಮೊದಲ ದಿನವೇ ಇಡಿ.

ಸ್ಕ್ರೀನ್‌ಶಾಟ್ ಬಗ್ಗೆ ಎಚ್ಚರ. ಸಮಯಮುದ್ರೆ ತಿದ್ದುವುದು ಮಕ್ಕಳಾಟ ಎಂದು ನ್ಯಾಯಮೂರ್ತಿಗಳಿಗೂ ಗೊತ್ತು. ಸಂದೇಶ ಬಂದ ಮೂಲ ಫೋನನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಇಟ್ಟುಕೊಳ್ಳಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಮಾಡಿಸಿ. ಅದರಲ್ಲಿ ಎರಡು ಭಾಗ: ಒಂದಕ್ಕೆ ಫೋನ್ ಇಟ್ಟುಕೊಂಡವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಕಡತದ ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲವೆಂದು ತೋರಿಸುವ ಗುರುತು ಸಂಖ್ಯೆ). ಹತ್ತು ಕೈ ದಾಟಿ ಬಂದ ಫಾರ್ವರ್ಡ್‌ಗೆ ಈ ಪ್ರಮಾಣಪತ್ರ ಕೊಡುವವರು ಯಾರು ಎಂದು ಮೊದಲೇ ಯೋಚಿಸಿ.

ಎರಡು ಪ್ರಶ್ನೆಗಳ ಕೀ ಉತ್ತರ ತಪ್ಪಾಗಿದೆ. ಮರುಮೌಲ್ಯಮಾಪನಕ್ಕೆ ಕೋರ್ಟ್ ಆದೇಶಿಸುತ್ತದೆಯೇ?
– ಪದವಿ ವಿದ್ಯಾರ್ಥಿಗಳು, ಮೈಸೂರು

ಪರೀಕ್ಷಾ ನಿಯಮದಲ್ಲೇ ಮರುಮೌಲ್ಯಮಾಪನಕ್ಕೆ ಅವಕಾಶವಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಕಷ್ಟ. 2017ರ ರಣ್ ವಿಜಯ್ ಸಿಂಗ್ ತೀರ್ಪಿನ ಪ್ರಕಾರ ಅನುಮಾನವಿದ್ದಲ್ಲಿ ಅದರ ಲಾಭ ಪರೀಕ್ಷಾ ಪ್ರಾಧಿಕಾರಕ್ಕೆ, ಅಭ್ಯರ್ಥಿಗಲ್ಲ. ದೀರ್ಘ ತರ್ಕ ಹೂಡಿ ತಪ್ಪು ತೋರಿಸುವಂತಿದ್ದರೆ ನಡೆಯದು. ನೋಡಿದೊಡನೆ ತಪ್ಪೆಂದು ಕಾಣಬೇಕು. 1983ರ ಕಾನ್ಪುರ ವಿಶ್ವವಿದ್ಯಾಲಯ ಪ್ರಕರಣದಲ್ಲಿ ವಿದ್ಯಾರ್ಥಿಗಳು ಗೆದ್ದದ್ದು ಪಠ್ಯಪುಸ್ತಕಗಳನ್ನೇ ಮುಂದಿಟ್ಟು. 2024ರ ನೀಟ್‌ನ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎನ್‌ಟಿಎ ಎರಡು ಉತ್ತರಗಳನ್ನೂ ಸರಿಯೆಂದು ಒಪ್ಪಿತ್ತು. ಕೋರ್ಟ್ ದೆಹಲಿ ಐಐಟಿಯ ಮೂವರು ತಜ್ಞರ ಅಭಿಪ್ರಾಯ ತರಿಸಿತು, ಸರಿಯುತ್ತರ ಒಂದೇ ಎಂದಾಯಿತು, ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕ ಇಳಿಯಿತು. ಕೀ ಉತ್ತರದ ಮೊಕದ್ದಮೆ ಎರಡೂ ಕಡೆ ಕೊಯ್ಯುತ್ತದೆ ಎಂಬುದನ್ನು ನಿಮ್ಮ ಗುಂಪಿನ ಎಲ್ಲರಿಗೂ ತಿಳಿಸಿಯೇ ಸಹಿ ಹಾಕಿಸಿ.

ಆಕ್ಷೇಪಣೆ ಸಲ್ಲಿಸಲು ಪ್ರಾಧಿಕಾರ ಕೊಟ್ಟ ದಿನಗಳಲ್ಲೇ ಆಕ್ಷೇಪಣೆ ಹಾಕಿದ್ದರ ಸ್ವೀಕೃತಿ ನಿಮ್ಮಲ್ಲಿರಬೇಕು. ಸ್ವಂತ ಉತ್ತರಪತ್ರಿಕೆ ನೋಡುವ ಹಕ್ಕನ್ನು 2011ರ ಆದಿತ್ಯ ಬಂದೋಪಾಧ್ಯಾಯ ತೀರ್ಪು ಮಾಹಿತಿ ಹಕ್ಕಿನಡಿ ಗಟ್ಟಿಗೊಳಿಸಿದೆ. ರಾಜ್ಯದ ಸಂಸ್ಥೆಗಾದರೆ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ಈ ಮಿತಿ ಮೀರಿದ್ದಕ್ಕೇ ಅರ್ಜಿ ವಾಪಸು ಬರುವುದುಂಟು. ಎರಡು ವಿಷಯವಿದ್ದರೆ ಎರಡು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರೂ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಆಗುತ್ತದಂತೆ. ಕಾಲೇಜು ಪ್ರವೇಶದ ಅನ್ಯಾಯದ ಬಗ್ಗೆ ಸಾವಿರ ಸಹಿ ಸಂಗ್ರಹಿಸಿ ಕಳಿಸೋಣವೇ?
– ವಿದ್ಯಾರ್ಥಿನಿಯರು, ಕಲಬುರಗಿ

ಬೇಡ. ಪತ್ರವನ್ನು ಪಿಐಎಲ್ ಎಂದು ಪರಿಗಣಿಸಲು ಸುಪ್ರೀಂ ಕೋರ್ಟ್ ಮಾಡಿಕೊಂಡಿರುವ ಮಾರ್ಗಸೂಚಿಯಲ್ಲಿ ಹೊರಗಿಟ್ಟ ವಿಷಯಗಳ ಪಟ್ಟಿಯೇ ಇದೆ. ವೈದ್ಯಕೀಯ ಮತ್ತಿತರ ಶಿಕ್ಷಣ ಸಂಸ್ಥೆಗಳ ಪ್ರವೇಶಾತಿ ಅದರಲ್ಲಿ ಸೇರಿದೆ. ಆ ಸಾವಿರ ಸಹಿಗಳನ್ನು ಇಲಾಖೆಗೆ ಮನವಿಯಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಪಿಐಎಲ್ ಹಾಕಿದರೂ ಸರ್ಕಾರವನ್ನು ಮೊದಲು ಕೇಳಿದ್ದೀರಾ, ಏನಾಯಿತು ಎಂದು ತಿಳಿಸಲೇಬೇಕಾಗುತ್ತದೆ.

ಪ್ರವೇಶ ಪರೀಕ್ಷೆಗೆ ಕೆಲವೇ ದಿನಗಳಿವೆ. ಅರ್ಜಿ ಹಾಕಿ ತಡೆಯಾಜ್ಞೆ ತರಲು ಎಷ್ಟು ದಿನ ಹಿಡಿಯುತ್ತದೆ? ಎಲ್ಲಿ ಎಡವುತ್ತಾರೆ?
– ಕಾನೂನು ವಿದ್ಯಾರ್ಥಿಗಳ ವೇದಿಕೆ, ಬೆಂಗಳೂರು

ನಿಮ್ಮೂರಿನದೇ ಉದಾಹರಣೆಯಿದೆ. ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ನಿಂದ ಹೊರಬಂದು ಪ್ರತ್ಯೇಕ ಪರೀಕ್ಷೆ ನಡೆಸುವುದಾಗಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2020ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ರಕಟಿಸಿತು. ಶಾಲೆಯ ಮಾಜಿ ಕುಲಪತಿ ಮತ್ತು ಒಬ್ಬ ಆಕಾಂಕ್ಷಿಯ ಪೋಷಕರು ಸುಪ್ರೀಂ ಕೋರ್ಟ್‌ಗೆ ಹೋದರು. ಸೆಪ್ಟೆಂಬರ್ 11ರ ಮಧ್ಯಂತರ ಆದೇಶ ಪರೀಕ್ಷೆಯನ್ನು ತಡೆಯಲಿಲ್ಲ, ಫಲಿತಾಂಶ ಪ್ರಕಟಣೆ ಮತ್ತು ಪ್ರವೇಶವನ್ನಷ್ಟೇ ತಡೆಯಿತು. 12ರಂದು ಪರೀಕ್ಷೆ ನಡೆಯಿತು, 21ರಂದು ರದ್ದಾಯಿತು. ವಿದ್ವತ್ ಪರಿಷತ್ತಿನ ಶಿಫಾರಸು ಇಲ್ಲದೆ ಪ್ರತ್ಯೇಕ ಪರೀಕ್ಷೆಯ ತೀರ್ಮಾನ ಕೈಗೊಂಡದ್ದು ಮುಖ್ಯ ಕಾರಣಗಳಲ್ಲೊಂದು. ಗಮನಿಸಿ, ‘ವಿದ್ಯಾರ್ಥಿಗಳಿಗೆ ತೊಂದರೆ’ ಎಂಬ ಗೋಳಿಗಿಂತ ಸಂಸ್ಥೆಯ ಸ್ವಂತ ಕಾಯ್ದೆಯ ಒಂದು ಕಲಮು ಹೆಚ್ಚು ಕೆಲಸ ಮಾಡಿತು. ಪರೀಕ್ಷೆಯನ್ನೇ ನಿಲ್ಲಿಸಿ ಎಂದು ಮಾತ್ರ ಕೇಳಬೇಡಿ. ಅದಾಗದಿದ್ದರೆ ಫಲಿತಾಂಶ ತಡೆಹಿಡಿಯಿರಿ ಎಂಬ ಪರ್ಯಾಯ ಕೋರಿಕೆಯೂ ಇರಲಿ.

ತಡವಾದರೆ ಗೆದ್ದೂ ಸೋಲಬಹುದು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ವರ್ಷಕ್ಕೆ 60,000 ರೂಪಾಯಿ ಶುಲ್ಕ ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರ ಜುಲೈನಲ್ಲಿ ದೊಡ್ಡ ತೀರ್ಪೇ ಬಂತು, ಆದರೆ ಅರ್ಜಿದಾರರಿಗೆ ಸೀಟು ಸಿಗಲಿಲ್ಲ. ಅವರ ಆಯ್ಕೆ ಮೆರಿಟ್ ಮೇಲೆ ಆದದ್ದಲ್ಲ, ಮೇಲಾಗಿ ತರಗತಿಗಳು 1991ರಲ್ಲೇ ಆರಂಭವಾಗಿವೆ ಎಂದಿತು ಕೋರ್ಟ್.

ಇನ್ನು ಕಾಗದದ ಕೆಲಸ. ವಕೀಲರ ಪೈಕಿ ಅರ್ಜಿ ಸಲ್ಲಿಸುವ ಅಧಿಕಾರವಿರುವುದು ಸುಪ್ರೀಂ ಕೋರ್ಟ್‌ನಲ್ಲಿ ಹಾಗೆಂದು ನೋಂದಾಯಿತರಾದ ಅಡ್ವೊಕೇಟ್ ಆನ್ ರೆಕಾರ್ಡ್‌ಗೆ ಮಾತ್ರ. ಎಷ್ಟೇ ಹೆಸರಾಂತ ಹಿರಿಯ ವಕೀಲರಾದರೂ ಅವರು ವಾದಿಸಬಹುದು, ಸಲ್ಲಿಸಲಾರರು. ಸಾರಾಂಶ ಮತ್ತು ದಿನಾಂಕಗಳ ಪಟ್ಟಿ, ಅರ್ಜಿ, ಅಫಿಡವಿಟ್, ಪಿ-1, ಪಿ-2 ಎಂದು ಗುರುತಿಸಿದ ಲಗತ್ತುಗಳು, ತಡೆಯಾಜ್ಞೆಗೆ ಪ್ರತ್ಯೇಕ ಮಧ್ಯಂತರ ಅರ್ಜಿ, ವಕಾಲತ್ತು – ಎಲ್ಲವೂ ಇ-ಫೈಲಿಂಗ್ ಆದ ಮೇಲೆ ಡೈರಿ ಸಂಖ್ಯೆ ಸಿಗುತ್ತದೆ. ಡೈರಿ ಸಂಖ್ಯೆ ಸಿಕ್ಕಿತೆಂದು ಪತ್ರಿಕಾಗೋಷ್ಠಿ ಕರೆಯುವವರಿದ್ದಾರೆ. ಅದು ನೋಂದಣಿಯಲ್ಲ, ರಿಜಿಸ್ಟ್ರಿಯ (ಕೋರ್ಟ್ ಕಚೇರಿಯ) ಪರಿಶೀಲನೆ ಶುರುವಾಗುವುದೇ ಆಮೇಲೆ. ಲೋಪಗಳಿದ್ದರೆ ಸರಿಪಡಿಸಲು ನಿಯಮದಲ್ಲಿ ಒಟ್ಟು 28 ದಿನ ಇದೆ, ನಿಮಗೆ ಅಷ್ಟು ಪುರುಸೊತ್ತು ಎಲ್ಲಿದೆ? ಎ4 ಕಾಗದ, ಎರಡೂ ಬದಿ ಮುದ್ರಣ, ಟೈಮ್ಸ್ ನ್ಯೂ ರೋಮನ್ 14, ಸಾಲಿನ ಅಂತರ 1.5, ಎಡಬಲ ಅಂಚು 4 ಸೆಂ.ಮೀ., ಮೇಲೆ ಕೆಳಗೆ 2 ಸೆಂ.ಮೀ. ಎಂದು 2020ರ ಸುತ್ತೋಲೆ ಹೇಳುತ್ತದೆ.

ಕರ್ನಾಟಕದವರು ಹೆಚ್ಚು ಎಡವುವುದು ಅನುವಾದದಲ್ಲಿ. ಸುಪ್ರೀಂ ಕೋರ್ಟ್‌ನ ಭಾಷೆ ಇಂಗ್ಲಿಷ್. ಸರ್ಕಾರಿ ಸುತ್ತೋಲೆ, ಸಂಘದ ಠರಾವು, ಎಫ್‌ಐಆರ್ ಕನ್ನಡದಲ್ಲಿದ್ದರೆ ಒಂದೊಂದಕ್ಕೂ ಅನುವಾದ ಬೇಕು. ಅಧಿಕೃತ ಅನುವಾದಕ್ಕೆ ಕಾಯಲು ಸಮಯವಿಲ್ಲದಿದ್ದರೆ ವಿನಾಯಿತಿ ಕೋರಿ ಪ್ರತ್ಯೇಕ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲೇ ಅನುವಾದ ಮುಗಿಸಿ, ಮೂಲದ ಸ್ಪಷ್ಟ ಪ್ರತಿಯೊಡನೆ ಕಳಿಸಿ. ಫೋನಿನಲ್ಲಿ ತೆಗೆದ ಮಸುಕು ಚಿತ್ರವೂ ಒಂದು ಲೋಪವೇ. ಅಫಿಡವಿಟ್‌ನಲ್ಲಿ ಯಾವ ಪ್ಯಾರಾ ಸ್ವಂತ ತಿಳಿವಳಿಕೆಯದು, ಯಾವುದು ಬೇರೆಡೆಯಿಂದ ತಿಳಿದದ್ದು ಎಂದು ಬಿಡಿಸಿ ಹೇಳಬೇಕು. ತುರ್ತು ವಿಚಾರಣೆಗೆ ಕೋರುವ ಕ್ರಮ ಮುಖ್ಯ ನ್ಯಾಯಮೂರ್ತಿಗಳು ಬದಲಾದಂತೆ ಬದಲಾಗುತ್ತದೆ. ಆಯಾ ಕಾಲದ ಸುತ್ತೋಲೆ ನೋಡುವ ಹೊಣೆ ನಿಮ್ಮ ದೆಹಲಿ ವಕೀಲರದು.

ಮಗನಿಗೆ 17 ವರ್ಷ. ಅರ್ಜಿದಾರನಾಗಬಹುದೇ? ಅಷ್ಟು ಖರ್ಚು ನಮ್ಮ ಕೈಯಲ್ಲಾಗದು.
– ಪೋಷಕರು, ದಾವಣಗೆರೆ

ಆಗಬಹುದು, ಆದರೆ ನಿಮ್ಮ ಮೂಲಕ. ತಂದೆ ಅಥವಾ ತಾಯಿ ಪೋಷಕರಾಗಿ ಸಹಿ ಹಾಕಬೇಕು. ಖರ್ಚಿನ ವಿಚಾರದಲ್ಲಿ ನಿಮಗೊಂದು ಅನುಕೂಲವಿದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಸುಪ್ರೀಂ ಕೋರ್ಟ್ ಮಟ್ಟದಲ್ಲಿ ವಾರ್ಷಿಕ 5 ಲಕ್ಷ ರೂಪಾಯಿಯ ಮಿತಿ. ಹುಡುಗನಿಗೆ 18 ತುಂಬುವ ಮೊದಲೇ ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ. 15100 ಸಹಾಯವಾಣಿಯಲ್ಲಿ ವಿವರ ಸಿಗುತ್ತದೆ. ಸಂಘದಿಂದ ಚಂದಾ ಎತ್ತುವುದಾದರೆ ರಸೀದಿ ಕೊಟ್ಟೇ ಎತ್ತಿ. ವಕೀಲರ ಶುಲ್ಕ ಒಟ್ಟು ಪ್ರಕರಣಕ್ಕೋ, ಪ್ರತಿ ವಿಚಾರಣೆಗೋ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಹೈಕೋರ್ಟ್‌ನ ಏಕಸದಸ್ಯ ಪೀಠದಲ್ಲಿ ನಮ್ಮ ಸಂಘ ಸೋತಿದೆ. ಈಗ 32ನೇ ವಿಧಿಯಡಿ ಹೊಸದಾಗಿ ಸುಪ್ರೀಂ ಕೋರ್ಟ್‌ಗೆ ಹೋಗಬಹುದೇ?
– ಹಾಸ್ಟೆಲ್ ವಿದ್ಯಾರ್ಥಿಗಳ ಸಂಘ, ರಾಯಚೂರು

ಹೈಕೋರ್ಟ್ ಗುಣಾವಗುಣ ನೋಡಿಯೇ ವಜಾ ಮಾಡಿದ್ದರೆ ಸಾಧ್ಯವಿಲ್ಲ. ಅದೇ ವಿಷಯವನ್ನು 32ರಡಿ ಮತ್ತೆ ಎತ್ತುವಂತಿಲ್ಲ ಎಂಬುದು 1961ರ ದರಿಯಾವ್ ತೀರ್ಪಿನಿಂದ ಇತ್ಯರ್ಥವಾಗಿದೆ. ನಿಮಗೆ ಮುಂದಿನ ಮೆಟ್ಟಿಲು ದೆಹಲಿಯೂ ಅಲ್ಲ. ಕರ್ನಾಟಕ ಹೈಕೋರ್ಟ್ ಕಾಯ್ದೆಯ 4ನೇ ಕಲಮಿನಡಿ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ, 30 ದಿನದೊಳಗೆ. ಅಲ್ಲಿಯೂ ಸೋತರೆ 136ನೇ ವಿಧಿಯ ವಿಶೇಷ ಮೇಲ್ಮನವಿಗೆ 90 ದಿನ ಇದೆ. ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಪ್ರತಿ ಸಿದ್ಧವಾಗಲು ಹಿಡಿದ ದಿನಗಳನ್ನು ಕಾಲಮಿತಿಯಿಂದ ಕಳೆಯುತ್ತಾರೆ, ಆ ಲೆಕ್ಕಕ್ಕೆ ಆಧಾರ ಪ್ರತಿಯ ಮೇಲೆ ಹಾಕಿರುವ ಮೊಹರಿನ ದಿನಾಂಕಗಳೇ. ಜೆರಾಕ್ಸ್ ಮಾಡಿಸುವಾಗ ಆ ಪುಟ ಬಿಟ್ಟುಹೋಗದಂತೆ ನೋಡಿಕೊಳ್ಳಿ.