ಲೋವರ್ ಪರೇಲ್ ತರಹ ಕಲಬುರಗಿಯ ಎಂಎಸ್‌ಕೆ ಮಿಲ್ ಕಡೆಯೂ ಆಗಬಹುದಾ?

ಮುಂಬೈನ ಲೋವರ್ ಪರೇಲ್‌ನಲ್ಲಿ ಹಳೇ ಬಟ್ಟೆ ಗಿರಣಿಗಳು ಹೋಗಿ ಮಾಲ್, ಆಫೀಸು, ದೊಡ್ಡ ದೊಡ್ಡ ಹೋಟೆಲ್ ಬಂದಿವೆ, ನಮ್ಮ ಮುಚ್ಚಿಹೋದ ಎಂಎಸ್‌ಕೆ ಮಿಲ್ ಕಡೆಯೂ ಹಾಗೆ ಮಾಡಿದರೆ ಊರಿಗೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು. ಲೋವರ್ ಪರೇಲ್‌ನ ಒಂದು ಮಿಲ್ ಕಾಂಪೌಂಡಿನೊಳಗೇ ಕೆಲವು ವರ್ಷ ನೌಕರಿ ಮಾಡಿದ್ದೇನೆ. ಮಾಡಬಹುದು ಅನ್ನುತ್ತೇನೆ. ಆದರೆ ಜಾಗದಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದು ಮೊದಲು ಕಾಗದದ ಮೇಲೆ ಗಟ್ಟಿಯಾಗಬೇಕು. ಕಾಫಿ ಅಂಗಡಿ ಆಮೇಲೆ ಬರಲಿ.

ಹೀಗೆ ಯಾಕೆ ಹೇಳುತ್ತೇನೆ ಅಂದರೆ, ಅಲ್ಲಿ ಬರೆದ ಕಾಗದವೇ ನಡುವೆ ಬದಲಾಯಿತು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮೇಲೆ ಎಷ್ಟೋ ಗಿರಣಿಗಳು ಚೇತರಿಸಿಕೊಳ್ಳಲೇ ಇಲ್ಲ. 1991ರಲ್ಲಿ ಒಂದು ನಿಯಮ ಬಂತು. ಗಿರಣಿ ಜಾಗ ಬೇರೆ ಕೆಲಸಕ್ಕೆ ಬಳಸಿದರೆ ಮೂರರಲ್ಲಿ ಒಂದು ಪಾಲು ಮೈದಾನ, ಉದ್ಯಾನಕ್ಕೆ ಅಂತ ಪಾಲಿಕೆಗೆ, ಇನ್ನೊಂದು ಪಾಲು ಸರ್ಕಾರ ಕಟ್ಟಿ ಹಂಚುವ ಮನೆಗಳಿಗೆ, ಉಳಿದದ್ದು ಮಾಲೀಕನಿಗೆ. ಚೆನ್ನಾಗಿಯೇ ಇತ್ತು. 2001ರಲ್ಲಿ ಅದನ್ನು ತಿದ್ದಿದರು. ಇಡೀ ಜಾಗ ಅಲ್ಲ, ಖಾಲಿ ಬಿದ್ದ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಅಂತಾಯಿತು. ಗಿರಣಿ ಅಂದರೆ ತುಂಬಾ ಶೆಡ್ಡುಗಳೇ, ಖಾಲಿ ಜಾಗ ಎಲ್ಲಿಂದ ಬರಬೇಕು? ವಿಷಯ ಕೋರ್ಟಿಗೆ ಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಗಿರಣಿ ಕಾರ್ಮಿಕರಿಗೆ ಮನೆ ಹಂಚಲು ಮೊದಲ ಲಾಟರಿ ಎತ್ತಿದ್ದು 2012ರಲ್ಲಿ, ಮುಷ್ಕರವಾಗಿ ಮೂವತ್ತು ವರ್ಷದ ಮೇಲೆ!

ಅಲ್ಲಿನ ಖಾನಾವಳಿಗಳ ಬಗ್ಗೆ ಹೇಳಲೇಬೇಕು. ಊರು ಬಿಟ್ಟು ಒಬ್ಬರೇ ಬಂದ ಗಿರಣಿ ಕಾರ್ಮಿಕರಿಗೆ ಹೆಂಗಸರು ಚಾಳಿನ (ಸಾಲು ಕೋಣೆಗಳ ವಠಾರದ) ತಮ್ಮ ಕೋಣೆಯಲ್ಲೇ ಅಡುಗೆ ಮಾಡಿ ಹಾಕುತ್ತಿದ್ದರು. ತಿಂಗಳ ಲೆಕ್ಕ, ಪಗಾರ ಆದ ಮೇಲೆ ದುಡ್ಡು. ಕಿರಾಣಿಗೆ ಸಾಲ ಮಾಡಿ ಬಡ್ಡಿಗೆ ಸಿಕ್ಕಿಬಿದ್ದ ಈ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಬ್ಯಾಂಕಿನಿಂದ ಸಾಲ ಕೊಡಿಸಿದರು. ಕಾರ್ಮಿಕರೇ ಹೋದ ಮೇಲೆ ಖಾನಾವಳಿಗೆ ಗಿರಾಕಿ ಎಲ್ಲಿ? ನಾನಿದ್ದಾಗ ಅದೇ ಓಣಿಗಳಲ್ಲಿ ಒಂದು ಕಾಫಿಯ ಬೆಲೆಗೆ ನಮ್ಮೂರಲ್ಲಿ ಎರಡು ಊಟ ಆಗುತ್ತಿತ್ತು. ಬಹಳ ಬೇಜಾರಾಗುತ್ತಿತ್ತು.

ರಸ್ತೆ, ರೈಲು ನಿಲ್ದಾಣದ ಕಡೆ ಯಾರೂ ಸಾಕಷ್ಟು ಗಮನ ಕೊಡಲಿಲ್ಲ. ಗಿರಣಿ ಕಾರ್ಮಿಕರು ಹತ್ತಿರದ ಚಾಳುಗಳಿಂದ ನಡೆದು ಬರುತ್ತಿದ್ದರು. ಆಫೀಸಿನ ಮಂದಿ ರೈಲಿನಿಂದ ಇಳಿದು ಬರುತ್ತಾರೆ. ಮೇಲ್ಸೇತುವೆಗಳು ಮಾತ್ರ ಅವೇ ಇಕ್ಕಟ್ಟಿನವಾಗಿದ್ದವು. 2017ರ ಸೆಪ್ಟೆಂಬರ್ 29ರಂದು ಪಕ್ಕದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಮೂರು ತಿಂಗಳಾದ ಮೇಲೆ ಕಮಲಾ ಮಿಲ್ಸ್ ಕಾಂಪೌಂಡಿನ ಚಾವಣಿ ಹೋಟೆಲಿನಲ್ಲಿ ಬೆಂಕಿ ಬಿದ್ದು 14 ಜನ ಸತ್ತರು.

ಒಳ್ಳೆಯದೂ ಇದೆ. ಹಳೇ ಗಿರಣಿ ಶೆಡ್ಡು ನಿಜಕ್ಕೂ ಜಾಣತನದ ಕಟ್ಟಡ. ಚಾವಣಿ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ, ಗಾಜು ಇರುವ ಮುಖ ಉತ್ತರಕ್ಕೆ. ಬೆಳಕು ಬರುತ್ತದೆ, ಬಿಸಿಲು ನೇರ ಬೀಳುವುದಿಲ್ಲ. ಕಬ್ಬಿಣದ ಕಂಬ, ಎತ್ತರದ ಸೂರು. ಮೇ ತಿಂಗಳ ನಮ್ಮ ಬಿಸಿಲಿಗೆ ಗಾಜಿನ ಡಬ್ಬದಂಥ ಹೊಸ ಕಟ್ಟಡಕ್ಕಿಂತ ಇದೇ ವಾಸಿ. ಫೀನಿಕ್ಸ್ ಮಿಲ್ ಮಾಲ್ ಆದರೂ ಚಿಮಣಿಯನ್ನು ಕೆಡವಲಿಲ್ಲ. ಆ ಕೆಲಸ ನನಗೆ ಇಷ್ಟ.

ನಮ್ಮ ವಿಷಯಕ್ಕೆ ಬರೋಣ. ಎಂಎಸ್‌ಕೆ ಅಂದರೆ ಮೆಹಬೂಬ್ ಶಾಹಿ ಕುಲ್ಬರ್ಗಾ, ನಿಜಾಮರ ಕಾಲದ ಗಿರಣಿ. 1974ರ ಕಾಯ್ದೆಯಿಂದ ಸರ್ಕಾರದ ಕೈಗೆ ಬಂತು, ಆಮೇಲೆ ಮುಚ್ಚಿಹೋಯಿತು. ಈಗ ಅದು ಬಡಾವಣೆಯ ಹೆಸರು. ಸುತ್ತ ಇರುವವರು ತಹರಿ, ಮಿರ್ಚಿ ಭಜ್ಜಿ ಮಾರುವವರು, ಟೇಲರ್‌ಗಳು, ಗ್ಯಾರೇಜಿನವರು. ಚಂದದ ಓಣಿ ಮಾಡುವುದಾದರೆ ಇವರ ಅಂಗಡಿ ಬಾಡಿಗೆ ಏರದ ಹಾಗೆ ಕರಾರು ಇರಲಿ. ನೆಹರೂ ಗಂಜ್ ಕಡೆಯ ಹಳೇ ದಾಲ್ ಮಿಲ್ ಶೆಡ್ಡುಗಳನ್ನು ಬದಲಾಯಿಸಲು ಹೊರಟರೂ ಇದೇ ಮಾತು. ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡುವ ಹೆಂಗಸರಿಗೆ ಮೊದಲ ಮಳಿಗೆ ಕೊಡಿ, ಉಳಿದದ್ದಕ್ಕೆ ಹರಾಜು ಕೂಗಿ.

ಯೋಜನಾ ಪ್ರಾಧಿಕಾರ ಮಹಾಯೋಜನೆಯ (ಊರಿನ ಯಾವ ಜಾಗ ಯಾವುದಕ್ಕೆ ಅಂತ ತೋರಿಸುವ ಮಾಸ್ಟರ್ ಪ್ಲಾನ್) ಕರಡು ಪ್ರಕಟಿಸಿದಾಗ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ನಕ್ಷೆಯಲ್ಲಿ ನಿಮ್ಮ ಓಣಿಗೆ ಯಾವ ಬಣ್ಣ ಹಾಕಿದ್ದಾರೆ ನೋಡಿ, ಮೈದಾನ ಎಲ್ಲಿ ಅಂತ ಕೇಳಿ, ಬರೆದು ಕೊಟ್ಟು ಸ್ವೀಕೃತಿ ಚೀಟಿ ತಗೊಳ್ಳಿ. ಅರ್ಜಿ ಬರೆಯಲು ಜೊತೆ ಬೇಕಿದ್ದರೆ ಇಲ್ಲೇ ಹೇಳಿ, ನಾನು ಬರುತ್ತೇನೆ.